ಬೆಲೆಗೆ ಸಿಕ್ಕ ಬಿಡುಗಡೆ, ಆಸ್ತಿಗೆ ಸಿಗದ ನೆಲೆ

ಸ್ವತಂತ್ರ ಭಾರತದಲ್ಲಿ ಮುಕ್ತ ಮಾರುಕಟ್ಟೆಯ ಪರ ವಾದವನ್ನು ಗುರುತಿಸಲು ಹೊರಟವರು 1955ರಿಂದ ಶುರುಮಾಡುವುದು ಒಳ್ಳೆಯದು. ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತಿ ಒಪ್ಪಿಗೆ ಸೂಚಿಸಿದಾಗ ಭಿನ್ನಮತದ ಟಿಪ್ಪಣಿ ಬರೆದವರು ಬಿ. ಆರ್. ಶೆಣೈ ಒಬ್ಬರೇ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಮುಕ್ತ ಮಾರುಕಟ್ಟೆಯ ಪ್ರತಿಪಾದಕ ಹಯೆಕ್ ಅವರ ಪಾಠ ಕೇಳಿ ಬಂದವರು. ಯೋಜನೆಯ 4,800 ಕೋಟಿ ರೂಪಾಯಿಯಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದ, ಅಂದರೆ ಹೊಸ ನೋಟು ಮುದ್ರಿಸಿ, ಹೊಂದಿಸುವ ಲೆಕ್ಕವಿತ್ತು. ಜನರ ಉಳಿತಾಯ ಮೀರಿ ಖರ್ಚಿಗಿಳಿದರೆ ಬೆಲೆ ಏರುತ್ತದೆ, ಏರಿದ ಬೆಲೆ ತಡೆಯಲು ನಿಯಂತ್ರಣಗಳು ಬರುತ್ತವೆ ಎಂಬುದು ಶೆಣೈ ಅವರ ಆತಂಕ. 1957ರಲ್ಲೇ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಗಿ ಆಮದಿನ ಮೇಲೆ ಬಿಗಿ ಹಿಡಿತ ಬಿತ್ತು.

ಶೆಣೈ ಬೆಲೆಯನ್ನು ಕಾದರೆ, ಆಸ್ತಿಯನ್ನು ಕಾಯಲು ಹೊರಟದ್ದು ರಾಜಾಜಿಯವರ ಸ್ವತಂತ್ರ ಪಕ್ಷ. ಸಹಕಾರಿ ಬೇಸಾಯ ಬೇಕೆಂದು ಕಾಂಗ್ರೆಸ್ 1959ರ ನಾಗಪುರ ಅಧಿವೇಶನದಲ್ಲಿ ನಿರ್ಣಯಿಸಿದ ವರ್ಷವೇ ಅದು ಹುಟ್ಟಿತು. 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದು, ಮುಂದಿನ ದಶಕದಲ್ಲಿ ಕರಗಿಹೋಯಿತು. 1970ರಲ್ಲಿ ಅರ್ಥಶಾಸ್ತ್ರಜ್ಞರಾದ ಜಗದೀಶ್ ಭಗವತಿ ಮತ್ತು ಪದ್ಮಾ ದೇಸಾಯಿ ಕೈಗಾರಿಕಾ ಲೈಸೆನ್ಸ್ ವ್ಯವಸ್ಥೆಯ ನಷ್ಟವನ್ನು ವಿವರವಾಗಿ ದಾಖಲಿಸಿದರು. ವಾದ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾದದ್ದು ಅಲ್ಲಿಂದಲೇ.

ಹೊಲದ ಅಂಚಿನಲ್ಲಿ ಮಾತ್ರ ಅದು ಎರಡಾಗಿ ಸೀಳಿಹೋಯಿತು. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ರೈತನಿಗೆ ತೆರೆದ ಮಾರುಕಟ್ಟೆಯೇ ಬೇಕೆಂದರು. ನಮ್ಮ ನಂಜುಂಡಸ್ವಾಮಿಯವರ ರೈತಸಂಘ ಅದೇ ಹೊತ್ತಿಗೆ ಗ್ಯಾಟ್ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ವಿರುದ್ಧ ಬೀದಿಗಿಳಿಯಿತು. ಬಿತ್ತನೆಬೀಜದ ಮೇಲಿನ ಹಕ್ಕಿನ ಬಗ್ಗೆ ರೈತಸಂಘದ ಭಯ ಪೊಳ್ಳಾಗಿರಲಿಲ್ಲ. ಆದರೂ ಬೆಳೆದದ್ದನ್ನು ಮಾರುವ ವಿಚಾರದಲ್ಲಿ ಜೋಶಿ ಸರಿ ಎಂದೇ ನನ್ನ ನಂಬಿಕೆ. ಅದಕ್ಕೆ ಸಾಕ್ಷಿ ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳಲ್ಲಿದೆ.

1942ರ ಕಾಫಿ ಕಾಯ್ದೆಯಡಿ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಸಾಮೂಹಿಕ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ದರ ಕೇಳಿ ಕೊಡುವಂತಿಲ್ಲ, ಬೇರೆಯವರಿಗೆ ಮಾರುವಂತಿಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಇಳಿಸಿದಾಗ ಮೊದಲ ಕಂತು ಬರುತ್ತಿತ್ತು. ಉಳಿದದ್ದು ಕಾಫಿಯ ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ, ಮಂಡಳಿ ಮಾರಿ ಮುಗಿಸಿದ ಮೇಲೆ. ಯುದ್ಧಕಾಲದಲ್ಲಿ ರಫ್ತು ನಿಂತು ಬೆಲೆ ನೆಲಕಚ್ಚಿದಾಗ ಈ ಏರ್ಪಾಟು ತೋಟಗಳನ್ನು ಉಳಿಸಿತ್ತು, ನಿಜ. ಆದರೆ ಯುದ್ಧ ಮುಗಿದು ದಶಕಗಳಾದರೂ ಸರ್ಕಾರ ಅದನ್ನು ಬಿಡಲಿಲ್ಲ. 1992ರಿಂದ ಪೂಲ್ ಹಂತಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಇಷ್ಟಬಂದವರಿಗೆ ಮಾರಬಹುದಾಯಿತು. ಈಗ ಅಂತರರಾಷ್ಟ್ರೀಯ ಬೆಲೆ ಕುಸಿದಾಗ ಆ ಪೆಟ್ಟು ನೇರ ತೋಟಕ್ಕೇ ತಗಲುತ್ತದೆ. ಹಾಗೆಂದು ಪೂಲ್ ಮರಳಿ ಬರಲಿ ಎನ್ನುವ ಬೆಳೆಗಾರರು ಅಪರೂಪ.

ಆಸ್ತಿಯ ಕಥೆ ಬೇರೆ. 1978ರ 44ನೇ ತಿದ್ದುಪಡಿ ಆಸ್ತಿಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಗೆ ಇಳಿಸಿತು. 1991ರ ಆರ್ಥಿಕ ಸುಧಾರಣೆಗಳು ಅದನ್ನು ಮುಟ್ಟಲಿಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಅಡ್ಡವಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ಕೈಬಿಟ್ಟಾಗ ರೈತ ಸಂಘಟನೆಗಳೇ ವಿರೋಧಿಸಿದವು. ಜಮೀನು ಕೈತಪ್ಪುವ ಭಯ ಸಹಜವೇ. ಆದರೆ ಕೊಳ್ಳುವವರ ಸಂಖ್ಯೆಯನ್ನು ಕಾನೂನು ಕಡಿತಗೊಳಿಸಿದಷ್ಟೂ ಮಾರಲೇಬೇಕಾದ ರೈತನ ಎಕರೆಗೆ ಕಡಿಮೆ ಬೆಲೆ ಸಿಗುತ್ತದೆ ಎಂಬುದನ್ನು ಆ ಚರ್ಚೆಯಲ್ಲಿ ಗಟ್ಟಿಯಾಗಿ ಹೇಳಿದವರು ತೀರ ಕಡಿಮೆ.