ದಾವೆ ಹೂಡಿದವರೇ ಕೈಬಿಟ್ಟರೆ ಮುಂದೇನು?

ನಿವೇಶನದ ಒಡೆತನ, ಸಾಲ ವಸೂಲಿ ಮುಂತಾದ ವಿಷಯಗಳಲ್ಲಿ ಸಿವಿಲ್ ದಾವೆ ಹೂಡಿದ ವಾದಿ, ವಾಯಿದೆಯಿಂದ ವಾಯಿದೆಗೆ ಅಲೆದು ಬೇಸತ್ತು ನ್ಯಾಯಾಲಯದತ್ತ ಸುಳಿಯುವುದನ್ನೇ ನಿಲ್ಲಿಸುವುದುಂಟು. ಬೇಕೆನಿಸಿದಾಗ ಮತ್ತೆ ದಾವೆ ಹೂಡಬಹುದೆಂಬ ನಂಬಿಕೆ ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ದಾವೆ ಯಾವ ರೀತಿಯಲ್ಲಿ ಕೊನೆಗೊಂಡಿತು ಎಂಬುದೇ ವಾದಿಯ ಹಕ್ಕಿನ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಇಬ್ಬರೂ ಗೈರುಹಾಜರಾದರೆ

ವಿಚಾರಣೆಯ ದಿನ ವಾದಿ, ಪ್ರತಿವಾದಿ ಇಬ್ಬರೂ ಹಾಜರಾಗದಿದ್ದರೆ 9ನೇ ಆದೇಶದ 3ನೇ ನಿಯಮದಂತೆ ದಾವೆಯನ್ನು ವಜಾ ಮಾಡಬಹುದು. ಆಗ ವಾದಿ ಹೊಸ ದಾವೆ ಹೂಡಬಹುದು ಅಥವಾ ಹಳೆಯದರ ಪುನಃಸ್ಥಾಪನೆಗೆ ಅರ್ಜಿ ಸಲ್ಲಿಸಬಹುದು. ಆದರೆ ಹೊಸ ದಾವೆ ಕಾಲಮಿತಿಯೊಳಗೇ ಇರಬೇಕು. ಸಾಲ ವಸೂಲಿಗೆ ಇರುವ ಅವಧಿ ಸಾಮಾನ್ಯವಾಗಿ 3 ವರ್ಷ. ಹಳೆಯ ದಾವೆ ನಡೆಯುತ್ತಿರುವಾಗಲೇ ಅದು ಮುಗಿದಿದ್ದರೆ ಈ ಅವಕಾಶ ಹೆಸರಿಗಷ್ಟೇ ಉಳಿಯುತ್ತದೆ.

ಪ್ರತಿವಾದಿ ಮಾತ್ರ ಬಂದಿದ್ದರೆ

ಪ್ರತಿವಾದಿ ಹಾಜರಿದ್ದು ವಾದಿ ಬಾರದಿದ್ದರೆ 8ನೇ ನಿಯಮದಡಿ ದಾವೆ ವಜಾ ಆಗುತ್ತದೆ. ಪ್ರತಿವಾದಿ ಒಪ್ಪಿಕೊಂಡ ಭಾಗಕ್ಕೆ ಮಾತ್ರ ಡಿಕ್ರಿ ದೊರೆಯುತ್ತದೆ. ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹೂಡುವುದನ್ನು 9ನೇ ನಿಯಮ ನಿಷೇಧಿಸುತ್ತದೆ. ವಾದಿಗೆ ಉಳಿಯುವ ಮುಖ್ಯ ದಾರಿ, ಗೈರುಹಾಜರಿಗೆ ಸಕಾರಣ ತೋರಿಸಿ ವಜಾ ಆದೇಶ ರದ್ದುಪಡಿಸಲು ಕೋರುವುದು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇದಕ್ಕೆ ವಜಾ ಆದ ದಿನದಿಂದ 30 ದಿನಗಳ ಗಡುವಿದೆ. ತಡವಾದರೆ 5ನೇ ಕಲಮಿನಡಿ ವಿಳಂಬ ಮನ್ನಾ ಕೋರಬಹುದು. ಈ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವುಂಟು.

ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರ ನರಳಬಾರದೆಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿದೆ. ಆದರೆ ಕಕ್ಷಿದಾರನೇ ನಿರ್ಲಕ್ಷ್ಯ ತೋರಿದ್ದರೆ ಈ ಆಸರೆ ಸಿಗುವುದು ಕಷ್ಟ.

ತಾನಾಗಿಯೇ ಹಿಂಪಡೆದರೆ

23ನೇ ಆದೇಶದ 1ನೇ ನಿಯಮದಂತೆ ವಾದಿ ಯಾವಾಗ ಬೇಕಾದರೂ ದಾವೆಯನ್ನು ಕೈಬಿಡಬಹುದು. ಆದರೆ ಹೊಸ ದಾವೆ ಹೂಡುವ ಸ್ವಾತಂತ್ರ್ಯ ಬೇಕಿದ್ದರೆ, ತಾಂತ್ರಿಕ ದೋಷ ಅಥವಾ ಇತರ ಸೂಕ್ತ ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯುವುದು ಕಡ್ಡಾಯ. ಅನುಮತಿಯಿಲ್ಲದೆ ಹಿಂಪಡೆದವರು ಅದೇ ವಿಷಯದಲ್ಲಿ ಮತ್ತೆ ದಾವೆ ಹೂಡುವಂತಿಲ್ಲ. ಎದುರುಪಕ್ಷದ ಖರ್ಚನ್ನೂ ತೆರಬೇಕಾಗಬಹುದು. ಅನುಮತಿ ಪಡೆದಿದ್ದರೂ ಹಳೆಯ ದಾವೆಯಲ್ಲಿ ಕಳೆದ ಕಾಲ ಲೆಕ್ಕದಿಂದ ಬಿಟ್ಟುಹೋಗದು.

ಪ್ರತಿವಾದಿಗೆ ಏನು?

ದಾವೆ ವಜಾ ಆದೊಡನೆ ವಾದಿ ಪಡೆದಿದ್ದ ಮಧ್ಯಂತರ ತಡೆಯಾಜ್ಞೆಯೂ ಕೊನೆಗೊಳ್ಳುತ್ತದೆ. ಆದರೆ ಪ್ರತಿವಾದಿ ಪ್ರತಿಹಕ್ಕು ಮಂಡಿಸಿದ್ದರೆ ಅದರ ವಿಚಾರಣೆ ಮುಂದುವರಿಯುತ್ತದೆ. ಹಾಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ಬಿಟ್ಟ ವಾದಿಯ ವಿರುದ್ಧವೇ ಡಿಕ್ರಿ ಆಗುವ ಸಂಭವವೂ ಇದೆ.

ದಾವೆ ಮುಂದುವರಿಸಲು ಇಷ್ಟವಿಲ್ಲದವರು ಸುಮ್ಮನೆ ದೂರ ಉಳಿಯುವ ಬದಲು ವಕೀಲರ ಮೂಲಕ ಲಿಖಿತ ಅರ್ಜಿ ಸಲ್ಲಿಸಿ, ಆದೇಶದ ದೃಢೀಕೃತ ಪ್ರತಿ ಪಡೆದಿಟ್ಟುಕೊಳ್ಳುವುದು ಕ್ಷೇಮಕರ.