ಹೃದಯಾಘಾತದ ನಂತರದ ವ್ಯಾಯಾಮ ಪರೀಕ್ಷೆ

ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರ ಹೃದಯವು ಎಷ್ಟು ಶ್ರಮವನ್ನು ಸುರಕ್ಷಿತವಾಗಿ ತಾಳಬಲ್ಲದು ಎಂಬುದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಅಳೆಯುವ ವಿಧಾನವೇ ವ್ಯಾಯಾಮ ಪರೀಕ್ಷೆ. ಟ್ರೆಡ್‌ಮಿಲ್ ಮೇಲೆ ನಡೆಸುವ ಈ ಪರೀಕ್ಷೆಯು ಭಾರತದಲ್ಲಿ ಟಿಎಂಟಿ ಎಂದೇ ಪರಿಚಿತವಾಗಿದೆ. ಸ್ಥಿರ ಸೈಕಲ್ ತುಳಿಸಿಯೂ ಇದನ್ನು ನಡೆಸುವುದುಂಟು.

ಇತಿಹಾಸ

20ನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ಹಲವು ವಾರಗಳ ಕಾಲ ಹಾಸಿಗೆಯಲ್ಲಿಯೇ ಮಲಗಿಸಲಾಗುತ್ತಿತ್ತು. ಶ್ರಮದಿಂದ ಹೃದಯಕ್ಕೆ ಮತ್ತೆ ಹಾನಿಯಾದೀತೆಂಬ ಭಯವೇ ಇದಕ್ಕೆ ಕಾರಣ. ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರು 1952ರಲ್ಲಿ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಚಲನೆ ಹಿತಕರವೆಂದು ಕ್ರಮೇಣ ಮನವರಿಕೆಯಾದಂತೆ, ಎಷ್ಟು ಚಲನೆ ಎಂಬ ಪ್ರಶ್ನೆ ಮುಂದೆ ಬಂತು. ಟ್ರೆಡ್‌ಮಿಲ್ ಪರೀಕ್ಷೆಗೆ ನಿರ್ದಿಷ್ಟ ಕ್ರಮವನ್ನು ರೂಪಿಸಿದವರು ಅಮೆರಿಕದ ಹೃದ್ರೋಗತಜ್ಞ ರಾಬರ್ಟ್ ಬ್ರೂಸ್.

ವಿಧಾನ

ರೋಗಿಯ ಎದೆಗೆ ವಿದ್ಯುದ್ವಾರಗಳನ್ನು ಅಂಟಿಸಿ ಇಸಿಜಿ, ನಾಡಿಬಡಿತ ಹಾಗೂ ರಕ್ತದೊತ್ತಡಗಳನ್ನು ಗಮನಿಸಲಾಗುತ್ತದೆ. ಬ್ರೂಸ್ ಕ್ರಮದಲ್ಲಿ ಮೊದಲ ಹಂತದ ವೇಗ ಗಂಟೆಗೆ 2.7 ಕಿ.ಮೀ., ಏರು ಶೇ. 10. ಪ್ರತಿ 3 ನಿಮಿಷಕ್ಕೊಮ್ಮೆ ವೇಗ ಮತ್ತು ಏರು ಹೆಚ್ಚುತ್ತವೆ. ಹೃದಯಾಘಾತವಾದವರಿಗೆ ಇದೇ ವೇಗದಲ್ಲಿ ಸಮತಟ್ಟಿನ ಮೇಲೆ ಆರಂಭವಾಗುವ ಸೌಮ್ಯವಾದ ಪರಿಷ್ಕೃತ ಕ್ರಮವನ್ನು ಬಳಸಬಹುದು.

ಆಘಾತವಾದ ಮೊದಲ ಎರಡು ದಿನಗಳಲ್ಲಿ ಈ ಪರೀಕ್ಷೆ ನಿಷಿದ್ಧ. ಸ್ಥಿತಿ ಸ್ಥಿರವಾಗಿದ್ದರೆ ಮನೆಗೆ ಕಳುಹಿಸುವ ಮುನ್ನ ಮಿತಶ್ರಮದ ಪರೀಕ್ಷೆಯನ್ನೂ, ಕೆಲವು ವಾರಗಳ ಬಳಿಕ ದಣಿವು ಅಥವಾ ರೋಗಲಕ್ಷಣ ಕಾಣುವವರೆಗಿನ ಪೂರ್ಣ ಪರೀಕ್ಷೆಯನ್ನೂ ನಡೆಸಬಹುದು. ತೀವ್ರ ಎದೆನೋವು, ತಲೆಸುತ್ತು, ರಕ್ತದೊತ್ತಡದ ಕುಸಿತ ಅಥವಾ ಅಪಾಯಕರ ಲಯದೋಷ ಕಂಡರೆ ಪರೀಕ್ಷೆಯನ್ನು ತಕ್ಷಣ ನಿಲ್ಲಿಸಲಾಗುತ್ತದೆ. ರೋಗಿ ಸಾಕೆಂದಾಗಲೂ ನಿಲ್ಲಿಸಬೇಕು.

ಫಲಿತಾಂಶ

ಶ್ರಮದ ಪ್ರಮಾಣವನ್ನು ಮೆಟ್ ಎಂಬ ಮಾನದಿಂದ ಸೂಚಿಸುತ್ತಾರೆ. ವಿಶ್ರಾಂತಿಯಲ್ಲಿ ಕುಳಿತಿರುವಾಗಿನ ಆಮ್ಲಜನಕದ ಬಳಕೆ, ಅಂದರೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ 3.5 ಮಿ.ಲೀ., 1 ಮೆಟ್‌ಗೆ ಸಮ. ತೊಂದರೆಯಿಲ್ಲದೆ 5 ಮೆಟ್ ತಲುಪಿದವರು ಸ್ನಾನ, ನಿಧಾನ ನಡಿಗೆ, ಹಗುರ ಮನೆಗೆಲಸಗಳನ್ನು ಸಾಮಾನ್ಯವಾಗಿ ಮಾಡಿಕೊಳ್ಳಬಲ್ಲರು. ಅಲ್ಪ ಶ್ರಮಕ್ಕೇ ಇಸಿಜಿಯ ಎಸ್‌ಟಿ ಭಾಗ ಕುಗ್ಗಿದರೆ ಹೃದಯಸ್ನಾಯುವಿಗೆ ರಕ್ತ ಸಾಲುತ್ತಿಲ್ಲವೆಂಬ ಶಂಕೆ ಮೂಡುತ್ತದೆ; ಆಂಜಿಯೋಗ್ರಾಮ್‌ನಂತಹ ಮುಂದಿನ ತಪಾಸಣೆ ಬೇಕಾಗಬಹುದು.

ಕೆಲಸಕ್ಕೆ ಮರಳುವುದು, ನಡಿಗೆಯ ಪ್ರಮಾಣ, ವ್ಯಾಯಾಮದ ಗುರಿಬಡಿತ ಇವುಗಳನ್ನು ನಿರ್ಧರಿಸಲು ಫಲಿತಾಂಶ ನೆರವಾಗುತ್ತದೆ. ಅನಗತ್ಯ ಭಯದಿಂದ ಮೂಲೆಹಿಡಿಯುವವರಿಗೂ, ಅತಿ ಧೈರ್ಯದಿಂದ ದುಡಿಯಲು ಹೊರಡುವವರಿಗೂ ಇದು ಮಿತಿಯನ್ನು ತೋರಿಸುತ್ತದೆ.

ಮಿತಿಗಳು

ಬೀಟಾ ಬ್ಲಾಕರ್ ಔಷಧಗಳು ನಾಡಿಬಡಿತವನ್ನು ತಗ್ಗಿಸುವುದರಿಂದ, ಅವನ್ನು ಸೇವಿಸುವವರಲ್ಲಿ ವಯಸ್ಸಿನ ಆಧಾರದ ಲೆಕ್ಕ ಹೊಂದುವುದಿಲ್ಲ. ಪರೀಕ್ಷೆ ಸಹಜವೆಂದು ಬಂದರೂ ಮುಂದೆ ಆಘಾತವಾಗದೆಂಬ ಖಾತರಿಯಿಲ್ಲ. ಔಷಧ ಮತ್ತು ಪಥ್ಯಗಳನ್ನು ಮುಂದುವರಿಸಬೇಕು.