ಲಂಡನ್ನಿನ ಒಂದು ಹಳೆಯ ಮೋಟಾರು ಬಸ್ಸಿನ ಚರಿತ್ರೆ

ಲಂಡನ್ ಪಟ್ಟಣದಲ್ಲಿ ಕುದುರೆಬಂಡಿಗಳ ಕಾಲವನ್ನು ಮುಗಿಸಿದ ಕೀರ್ತಿಯು 1910ರಲ್ಲಿ ಬೀದಿಗಿಳಿದ ‘ಬಿ’ ಮಾದರಿಯ ಮೋಟಾರು ಬಸ್ಸಿಗೆ ಸಲ್ಲತಕ್ಕುದು. ಲಂಡನ್ ಜನರಲ್ ಆಮ್ನಿಬಸ್ ಕಂಪನಿಯು ಮರುವರ್ಷವೇ ತನ್ನ ಕುದುರೆಬಂಡಿಗಳನ್ನೆಲ್ಲ ನಿಲ್ಲಿಸಿತು. ಈ ಬಸ್ಸಿನ ಒಳಗೆ 16 ಜನರೂ, ಚಾವಣಿಯಿಲ್ಲದ ಮೇಲಂತಸ್ತಿನಲ್ಲಿ 18 ಜನರೂ ಕುಳ್ಳಿರುತ್ತಿದ್ದರು. ಆ ದೇಶದ ಮಳೆಯಲ್ಲಿ ಮೇಲಿನವರ ಪಾಡನ್ನು ವಾಚಕರೇ ಊಹಿಸಿಕೊಳ್ಳಬೇಕು!

1911ರಲ್ಲಿ ಸಿದ್ಧವಾದ ‘ಬಿ 43’ ಎಂಬುದು ಇವುಗಳಲ್ಲೊಂದು. 1914ರಲ್ಲಿ ಮಹಾಯುದ್ಧವು ಒದಗಲು, ಇಂಥ ಸುಮಾರು 900 ಬಸ್ಸುಗಳು ಸೈನ್ಯದ ಕೆಲಸಕ್ಕೆ ಹೋದವು. ಅವುಗಳ ಚಾಲಕರಲ್ಲಿ ಅನೇಕರೂ ಜತೆಯಲ್ಲಿ ಹೊರಟರು. ಕಿಟಕಿಗಳ ಗಾಜು ಹೋಗಿ ಹಲಗೆಗಳು ಬಂದವು; ಕೆಂಪು ಬಣ್ಣದ ಮೇಲೆ ಖಾಕಿ ಬಣ್ಣವೇರಿತು. ನಿನ್ನೆಯವರೆಗೆ ಪೇಟೆಗೆ ಹೋಗುವವರನ್ನು ಹೊರುತ್ತಿದ್ದ ಗಾಡಿಯು ಫ್ರಾನ್ಸ್, ಬೆಲ್ಜಿಯಂ ದೇಶಗಳ ಕೆಸರಿನಲ್ಲಿ ಸಿಪಾಯಿಗಳನ್ನು ರಣಾಂಗಣದ ಸಮೀಪಕ್ಕೆ ಒಯ್ದಿತು, ದಣಿದವರನ್ನು ಮರಳಿ ತಂದಿತು. ಕೆಲವು ಬಸ್ಸುಗಳು ಸಂದೇಶವೊಯ್ಯುವ ಪಾರಿವಾಳಗಳಿಗೆ ಗೂಡುಗಳೂ ಆದವು.

ಯುದ್ಧವು ತೀರಿದ ಮೇಲೆ ‘ಬಿ 43’ ಲಂಡನ್ನಿಗೆ ಮರಳಿತು. 1920ರಲ್ಲಿ ಐದನೆಯ ಜಾರ್ಜ್ ದೊರೆಯು ತನ್ನ ಅರಮನೆಯಲ್ಲಿ ಅದನ್ನು ಹತ್ತಿ ನೋಡಿದನು. ಬ್ರೂಸ್ ಬೇರ್ನ್ಸ್‌ಫಾದರನು ಬರೆದ ವಿನೋದಚಿತ್ರಗಳ ಮುದಿ ಸಿಪಾಯಿಯ ಹೆಸರೇ, ‘ಓಲ್ ಬಿಲ್’ ಎಂದು, ಅದಕ್ಕೆ ನಿಂತಿತು.

ಒಂದೇ ಬಗೆಯಾಗಿ ದುಡಿದ ಉಳಿದ ಬಸ್ಸುಗಳೆಲ್ಲ ಹೆಚ್ಚುಕಡಿಮೆ ಗುಜರಿಗೆ ಹೋದವು. ಇದೊಂದನ್ನು ಜೋಪಾನ ಮಾಡಿದವರು ಯುದ್ಧದಲ್ಲಿ ಬಸ್ಸು ನಡೆಸಿದವರ ಸಂಘದವರು. ಯುದ್ಧಸ್ಮರಣೆಯ ದಿನದ ಮೆರವಣಿಗೆಗಳಿಗೆ ಅದನ್ನು ತರುತ್ತಿದ್ದರು. ನನಗೆ ದೊರೆಯ ಆಗಮನಕ್ಕಿಂತ ಇದೇ ಹಿರಿದಾಗಿ ತೋರುವದು. 1970ರಲ್ಲಿ ಅವರು ಬಸ್ಸನ್ನು ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು.